ಗೇಟಿನ ಪುಸ್ತಕ ಓದಿದ ಯಂತ್ರ

"ಒಳ್ಳೆಯ ಕಾವಲುಗಾರ ಅಂದರೆ ಯಾರು? ನಿದ್ದೆ ಮಾಡದವನು, ಟೀ ಕುಡಿಯದವನು, ರಜೆ ಕೇಳದವನು!" ಎಂದು ಶ್ರೀಕಂಠಸ್ವಾಮಿ ಮೇಷ್ಟ್ರು ಸಾರಿದಾಗ, ಗೇಟಿನ ಪಕ್ಕ ನಿಂತಿದ್ದ ಬೋರಲಿಂಗಯ್ಯ ಕೈಯಲ್ಲಿದ್ದ ಟೀ ಲೋಟವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

ಮೈಸೂರಿನ ಸೌಗಂಧಿಕ ಅಪಾರ್ಟ್‌ಮೆಂಟಿನ ಗೇಟು ಕಾಯಲು ನಿಂತು ಅವನಿಗೆ ಹನ್ನೊಂದು ವರ್ಷವಾಗಿತ್ತು. ಇವತ್ತು ಭಾನುವಾರದ ಪರೀಕ್ಷೆಯಲ್ಲಿ ಮೇಷ್ಟ್ರು ಮಾಡಿದ ಕಾವಲು ಯಂತ್ರ ಪಾಸಾದರೆ ನಾಳೆ ಅವನು ಗಂಟುಮೂಟೆ ಕಟ್ಟಿ ತನ್ನೂರು ನಂಜನಗೂಡಿನ ಬಸ್ಸು ಹತ್ತಬೇಕು. ನಿವಾಸಿಗಳ ಸಂಘದ ಕಾರ್ಯದರ್ಶಿ ಕಾವೇರಪ್ಪ ಹಾಗೆಂದು ಮುಖದ ಮೇಲೇ ಹೇಳಿದ್ದರು.

ಅದೇ ಅಪಾರ್ಟ್‌ಮೆಂಟಿನಲ್ಲಿದ್ದ ಮೇಷ್ಟ್ರು ಪಾಲಿಟೆಕ್ನಿಕ್‌ನಿಂದ ನಿವೃತ್ತರಾದ ಮೇಲೂ ಕೈಕಟ್ಟಿ ಕೂತವರಲ್ಲ. ಮೋಡ ಕಂಡರೆ ಸಾಕು, ಒಣಹಾಕಿದ ಬಟ್ಟೆಯನ್ನು ತಾನೇ ಒಳಗೆಳೆದುಕೊಳ್ಳುವ ಹಗ್ಗವೊಂದನ್ನು ಕಂಡುಹಿಡಿದಿದ್ದರು. ಅದು ಪಕ್ಕದ ಮನೆಯ ಸೀರೆಗಳನ್ನೂ ಎಳೆದುಕೊಂಡು ಎರಡು ಸಂಸಾರಗಳ ನಡುವೆ ಮಾತು ಬಿಡಿಸಿತ್ತು. ಈ ಸಲದ ಯಂತ್ರಕ್ಕೆ ಹಳೇ ಏರ್‌ಕೂಲರಿನ ಮೈ, ಎರಡು ಕ್ಯಾಮೆರಾ ಕಣ್ಣು, ಎರಡು ಕಬ್ಬಿಣದ ಕೈ, ತಲೆಗೊಂದು ಟೋಪಿ. ಹೆಸರು ಜಯವಿಜಯ. ವೈಕುಂಠದಲ್ಲಿ ಇಬ್ಬರು ಮಾಡುವ ಕೆಲಸವನ್ನು ಇವನೊಬ್ಬನೇ ಮಾಡುತ್ತಾನಂತೆ.

"ನಮ್ಮೋರು ಯಾರು, ಹೊರಗಿನೋರು ಯಾರು ಅಂತ ಇದಕ್ಕೆ ಹೇಗೆ ಗೊತ್ತಾಗುತ್ತೆ?" ಕಾವೇರಪ್ಪ ಕೇಳಿದರು.

"ಬಂದೋರು ಹೆಸರು ಬರೆಯೋ ಗೇಟಿನ ಪುಸ್ತಕ ಇದೆಯಲ್ಲ ಸ್ವಾಮಿ. ಹನ್ನೊಂದು ವರ್ಷದ್ದನ್ನೂ ಇದಕ್ಕೆ ಅರೆದು ಕುಡಿಸಿದ್ದೀನಿ. ಪುಸ್ತಕದಲ್ಲಿ ಹೆಸರಿದ್ದೋರು ನಮ್ಮೋರು. ಇಲ್ಲದೋರು ಕಳ್ಳರು."

ಬೋರಲಿಂಗಯ್ಯನಿಗೆ ಕಸಿವಿಸಿಯಾಯಿತು. "ಸಾರ್, ಆ ಪುಸ್ತಕದಲ್ಲಿ..." ಎಂದು ಬಾಯಿ ತೆರೆದ.

"ನೀನು ಸುಮ್ನಿರಪ್ಪ, ಇದು ವಿಜ್ಞಾನ," ಎಂದರು ಮೇಷ್ಟ್ರು.

ಪರೀಕ್ಷೆಗೆಂದು ನೆರೆದಿದ್ದವರನ್ನೆಲ್ಲ ಮೇಷ್ಟ್ರು ಗೇಟಿನಾಚೆ ಸಾಲಾಗಿ ನಿಲ್ಲಿಸಿದರು. ಯಂತ್ರ ಒಳಗೆ ನಿಂತು ಗೇಟನ್ನು ಧಡಾರನೆ ಮುಚ್ಚಿತು. ಅಷ್ಟರಲ್ಲಿ ಹಳೇ ಪೇಪರಿನ ಮಹಬೂಬ್ ಚೀಲ ಹೆಗಲಿಗೇರಿಸಿಕೊಂಡು ಬಂದ.

"ಹೆಸರು?" ಎಂದಿತು ಯಂತ್ರ.

"ಮಹಬೂಬ್, ಹಳೇ ಪೇಪರ್."

"ಇನ್ನೂರ ಹದಿನಾಲ್ಕು ಸಲ ಬಂದಿದ್ದೀರಿ. ನಮ್ಮವರೇ. ದಯಮಾಡಿಸಿ." ಯಂತ್ರ ಗೇಟು ತೆರೆದು ಸೆಲ್ಯೂಟ್ ಹೊಡೆಯಿತು. ಜನ್ಮದಲ್ಲಿ ಸೆಲ್ಯೂಟ್ ಕಾಣದ ಮಹಬೂಬ್, ಅದು ಯಾರಿಗಿರಬಹುದೆಂದು ಒಮ್ಮೆ ಹಿಂದೆ ತಿರುಗಿ ನೋಡಿ ಒಳಗೆ ಹೋದ. ಗೇಟು ಮುಚ್ಚಿತು.

ಮುಂದಿನ ಸರದಿ ಕಾವೇರಪ್ಪನವರದು. "ಪುಸ್ತಕದಲ್ಲಿ ಹೆಸರಿಲ್ಲ. ಕಳ್ಳರು. ದೂರ ನಿಲ್ಲಿ."

"ಲೋ, ನಾನು ಇಲ್ಲೇ ಇರೋನು ಕಣೋ!"

"ಕಳ್ಳರೆಲ್ಲ ಹಾಗೇ ಹೇಳುತ್ತಾರೆ."

ಬೋರಲಿಂಗಯ್ಯ ಆಗ ಹೇಳಹೊರಟಿದ್ದೂ ಇದನ್ನೇ: ಸ್ವಂತ ಮನೆಗೆ ಬರುವವರು ಯಾರು ತಾನೇ ಗೇಟಿನ ಪುಸ್ತಕದಲ್ಲಿ ಸಹಿ ಮಾಡುತ್ತಾರೆ? ಕಾವೇರಪ್ಪ ತಲೆ ಓಡಿಸಿ, ಹೆಗಲ ಮೇಲಿದ್ದ ಟವೆಲನ್ನು ತಲೆಗೆ ಸುತ್ತಿಕೊಂಡು ಬಂದು, "ಮಹಬೂಬ್," ಎಂದರು.

"ಮಹಬೂಬ್ ಆಗಲೇ ಒಳಗಿದ್ದಾರೆ. ನೀವು ಕಳ್ಳರಷ್ಟೇ ಅಲ್ಲ, ಸುಳ್ಳರೂ ಹೌದು."

"ಸ್ವಿಚ್ ಆರಿಸಿ ಮೇಷ್ಟ್ರೇ!"

"ಕಳ್ಳರು ಆರಿಸಿಬಿಡ್ತಾರೆ ಅಂತ ಸ್ವಿಚ್ಚೇ ಇಟ್ಟಿಲ್ಲ," ಎಂದ ಮೇಷ್ಟ್ರ ದನಿ ಸಣ್ಣಗಾಗಿತ್ತು. ಅವರು ಮುಂದೆ ಹೋದರು. "ನಾನಪ್ಪ, ನಿನ್ನನ್ನ ಹುಟ್ಟಿಸಿದೋನು, ಶ್ರೀಕಂಠಸ್ವಾಮಿ."

ಆ ಹೆಸರು ಪುಸ್ತಕದಲ್ಲಿ 'ಯಾರನ್ನು ನೋಡಬೇಕು' ಎಂಬ ಸಾಲಿನಲ್ಲಿ ಮಾತ್ರ ಇತ್ತು; ಯಂತ್ರ ಆ ಮನೆಯ ಇಂಟರ್‌ಕಾಮ್ ಒತ್ತಿತು. "ಅಮ್ಮಾ, ಶ್ರೀಕಂಠಸ್ವಾಮಿ ಅನ್ನುವವರ ವಿಚಾರವಾಗಿ ಯಾರೋ ಬಂದಿದ್ದಾರೆ."

ಮೇಲಿಂದ ಮೇಷ್ಟ್ರ ಹೆಂಡತಿ ವಿಶಾಲಾಕ್ಷಮ್ಮನ ದನಿ ಬಂತು. "ಅವರು ಮನೇಲಿಲ್ಲ. ಎಲ್ಲೋ ಯಂತ್ರ ತೋರಿಸೋಕೆ ಹೋಗಿದ್ದಾರೆ. ಸಂಜೆ ಬರೋಕೆ ಹೇಳು."

"ಕೇಳಿಸಿತಲ್ಲ? ಸಂಜೆ ಬನ್ನಿ," ಎಂದಿತು ಯಂತ್ರ.

ಅಷ್ಟರಲ್ಲಿ ಮೂರನೇ ಮಹಡಿಯ ಫಿಲೋಮಿನಾ ಟೀಚರ್ ಕೈ ಕೈ ಹಿಸುಕಿಕೊಳ್ಳತೊಡಗಿದರು. "ಬೋರಲಿಂಗಯ್ಯ, ನನ್ನ ಕುಕ್ಕರ್ ಒಲೆ ಮೇಲಿದೆಯಪ್ಪ. ಮನೇಲಿ ಯಾರೂ ಇಲ್ಲ."

ಬೋರಲಿಂಗಯ್ಯ ತನ್ನ ಕೆಲಸ ಹೋಗುವುದನ್ನೂ ಮರೆತು ಗೇಟಿನತ್ತ ಓಡಿದ. "ಹೆಸರು?" ಎಂದಿತು ಯಂತ್ರ. ಅವನು ಹೇಳಿದ.

ಯಂತ್ರ ಗಡಗಡ ನಡುಗಿತು. ಎರಡೂ ಕೈಯೆತ್ತಿ ಸೆಲ್ಯೂಟ್ ಹೊಡೆಯಿತು. "ಪ್ರತಿ ಪುಟದ ಕೊನೆಗೂ ತಮ್ಮ ಸಹಿ ಇದೆ. ಈ ಕಟ್ಟಡವೆಲ್ಲ ತಮ್ಮದೇ. ಅಪ್ಪಣೆಯಾಗಲಿ ಯಜಮಾನರೇ."

ಸಾಲಿನಲ್ಲಿದ್ದವರೆಲ್ಲ ಬೋರಲಿಂಗಯ್ಯನ ಹಿಂದೆ ಒತ್ತಿಕೊಂಡು ನಿಂತರು.

"ಮೊದ್ಲು ಟೀಚರಮ್ಮನ್ನ ಬಿಡು," ಎಂದ ಬೋರಲಿಂಗಯ್ಯ. "ಒಲೆ ಮೇಲೆ ಕುಕ್ಕರಿದೆ. ಮಂಡಿ ನೋವು ಬೇರೆ, ನಿಂತ್ಕೊಳೋಕಾಗಲ್ಲ." ಟೀಚರ್ ಒಳಗೆ ಹೋದರು. ಆಮೇಲೆ ಒಬ್ಬೊಬ್ಬರ ಸರದಿ. "ಈ ಅಕ್ಕ ಬೀಗದಕೈ ಮರೆಯೋರು, ಇನ್ನೊಂದು ನನ್ನ ಹತ್ರಾನೇ ಇದೆ, ಬಿಡು. ಇವ್ರು ಕಾವೇರಪ್ಪ ಸಾರು. ಕೋಪ ಜಾಸ್ತಿ, ಆದ್ರೆ ಒಳ್ಳೇರು. ತಿಂಡಿ ತಡವಾದ್ರೆ ತಲೆ ಸುತ್ತುತ್ತೆ, ಬೇಗ ಬಿಡು."

ಕಾವೇರಪ್ಪ ಟವೆಲ್ ಬಿಚ್ಚುತ್ತ ನಿಂತರು. "ಇದೆಲ್ಲ ನಿನಗೆ ಹೇಗಯ್ಯಾ ಗೊತ್ತು?"

"ಗೇಟಲ್ಲೇ ನಿಂತಿರ್ತೀನಲ್ಲ ಸಾರ್."

ಕಾವೇರಪ್ಪ ಬೋರಲಿಂಗಯ್ಯನ ಭುಜ ತಟ್ಟಿ, "ನಾಳೆ ಎಲ್ಲಿಗೂ ಹೋಗಬೇಡ," ಎಂದಷ್ಟೇ ಹೇಳಿದರು. ಬೋರಲಿಂಗಯ್ಯನಿಗೆ ಆದ ಖುಷಿಗೆ ಕಣ್ಣು ತುಂಬಿ ಬಂತು.

ಕೊನೆಗೆ ಆಚೆ ಉಳಿದವರು ಮೇಷ್ಟ್ರೊಬ್ಬರೇ. "ಇವರು ಯಾರು ಯಜಮಾನರೇ?" ಎಂದಿತು ಯಂತ್ರ.

ಬೋರಲಿಂಗಯ್ಯ ಟೀ ಲೋಟವನ್ನು ಮುಂದೆ ತಂದ. ತಣ್ಣಗಾದ ಟೀಯನ್ನು ತೊಟ್ಟೂ ಬಿಡದೆ ನಿಧಾನವಾಗಿ ಕುಡಿದ. "ಇವ್ರು ನಿದ್ದೆ ಮಾಡ್ತಾರೆ, ಟೀನೂ ಕುಡೀತಾರೆ. ಆದ್ರೂ ನಮ್ಮೋರೇ. ಬಿಡು."

ಹೀಗೆ ಅವನ ಕೆಲಸ ಉಳಿಯಿತು. ಯಂತ್ರವೂ ಉಳಿಯಿತು. ಯಜಮಾನರ ಅಪ್ಪಣೆಯಿಲ್ಲದೆ ಅದು ಯಾರಿಗೂ ತನ್ನ ಸ್ಕ್ರೂ ಮುಟ್ಟಗೊಡುವುದಿಲ್ಲ. ಮೇಷ್ಟ್ರು ದಿನಾ ಬೆಳಗ್ಗೆ ಸ್ಕ್ರೂಡ್ರೈವರ್ ಹಿಡಿದು ಬಂದು, "ಬಿಚ್ಚೋಕೆ ಒಂದು ಮಾತು ಹೇಳಪ್ಪ," ಎಂದು ಅಂಗಲಾಚುತ್ತಾರೆ.

"ನೋಡೋಣ ಸಾರ್," ಎನ್ನುತ್ತಾನೆ ಬೋರಲಿಂಗಯ್ಯ, ಟೀ ಹೀರುತ್ತ. "ಯಾವುದಕ್ಕೂ ಪುಸ್ತಕದಲ್ಲಿ ಬರೆದು ಹೋಗಿ."