ಮಾವನವರ ನಿದ್ದೆ ಮತ್ತು ನನ್ನ ಒನಕೆ

ಮಿಕ್ಸಿ ಹಾಕಿದರೆ ಕಿವಿ ಮುಚ್ಚಿಕೊಳ್ಳುವ ಮೊಮ್ಮಕ್ಕಳೇ, ನಿಮ್ಮ ಮುತ್ತಾತ, ಎಂದರೆ ನನ್ನ ಮಾವನವರು, ಗುಟ್ಟು ಕಾಯುವುದರಲ್ಲಿ ತಾಯಲೂರು ಕಡೆಗೆಲ್ಲ ಎತ್ತಿದ ಕೈ. ಗುಟ್ಟು ಕಿವಿಗೆ ಬಿದ್ದರಲ್ಲವೇ ಬಾಯಿಂದ ಹೊರಗೆ ಬರುವುದು! ಬ್ರಿಟಿಷರ ಕಾಲದಲ್ಲಿ ಅವರು ಚಿನ್ನದ ಗಣಿಯ ಕಲ್ಲು ಕುಟ್ಟುವ ಮಿಲ್ಲಿನಲ್ಲಿದ್ದರು. ಆಳಿಗಿಂತ ಎತ್ತರದ ಕಬ್ಬಿಣದ ಒನಕೆಗಳು, ಐದೈದರ ಸಾಲು, ಹಗಲೂ ರಾತ್ರಿ ಎದ್ದು ಬಿದ್ದು ಕಲ್ಲನ್ನು ಹಿಟ್ಟು ಮಾಡುತ್ತಿದ್ದವಂತೆ. ಚಿನ್ನ ದೊರೆಗಳಿಗೆ ಹೋಯಿತು, ಸದ್ದು ಇವರ ಪಾಲಿಗೆ ಬಂತು.

ನನ್ನನ್ನು ನೋಡಲು ಬಂದ ದಿನ ಅತ್ತೆಯ ಕಿವಿಯಲ್ಲಿ ಪಿಸುಗುಟ್ಟಿದರು: "ಹುಡ್ಗಿ ಪರ್ವಾಗಿಲ್ಲ ಕಣೇ, ಮೂಗೊಂದು ಚಪ್ಟೆ!" ಅಡುಗೆಮನೆಯಲ್ಲಿದ್ದ ನನಗೆ ಕೇಳಿಸಿತು. ಕೆರೆಕಟ್ಟೆಯ ಮೇಲಿದ್ದವರಿಗೂ ಕೇಳಿಸಿತು. ಮದುವೆಯಲ್ಲಿ ಊರೆಲ್ಲ ನೋಡಿದ್ದು ನನ್ನ ಮೂಗನ್ನೇ!

ಆಗ ಸೊಸೆ ಮಾವನೆದುರು ನಿಲ್ಲುವಂತಿಲ್ಲ, ಮಾತಾಡುವಂತಿಲ್ಲ. ನಾನೋ ಮೊದಲೇ ಸಂಕೋಚದವಳು, ಅವರೋ ಕಿವುಡರು. ಇಂಥ ಹೊಂದಾಣಿಕೆ ಯಾವ ಜಾತಕದಲ್ಲಿ ಸಿಗುತ್ತದೆ ಹೇಳಿ?

ತೊಂದರೆ ಒಂದೇ. ಮಿಲ್ಲು ನಿಂತು ಊರಿಗೆ ಬಂದ ಮೇಲೆ ಅವರಿಗೆ ನಿದ್ದೆ ಇಲ್ಲ. ನೆಲ ಅದುರದಿದ್ದರೆ ಕಣ್ಣು ಮುಚ್ಚುತ್ತಿರಲಿಲ್ಲ. ಒಂದು ಮಧ್ಯಾಹ್ನ ನಾನು ನೆಲದ ಒರಳಲ್ಲಿ ಭತ್ತ ಕುಟ್ಟುತ್ತಿದ್ದೆ. ಗೋಡೆಯಾಚೆ ಗೊರಕೆ! ಅತ್ತೆ ಓಡಿ ಬಂದರು. "ನಿಲ್ಲಿಸ್ಬೇಡ ಕಣೇ, ಈ ಮನುಷ್ಯ ಮಲ್ಗಿ ಹದಿನೈದು ದಿನ ಆಯ್ತು!"

ಅಂದಿನಿಂದ ದಿನವೂ ಕುಟ್ಟಿದೆ. ಭತ್ತ ಮುಗಿದರೆ ಮೆಣಸಿನಕಾಯಿ, ಅದೂ ಮುಗಿದರೆ ಬರೀ ತೌಡು. ಕೈ ಸೋತು ಪೆಟ್ಟು ತಪ್ಪಿದರೆ ಒಳಗಿನಿಂದ ಗುಡುಗು: "ಅಮ್ಮಾಯಿ, ಮೂರ್ನೇ ಒನ್ಕೆ ಸಡ್ಲ ಆಗೈತೆ ನೋಡು!" ನನ್ನ ಕೈಯಲ್ಲಿದ್ದದ್ದು ಒಂದೇ ಒನಕೆ!

ನನ್ನ ಅಪ್ಪ ತೀರಿಕೊಂಡು, ತವರಿನಿಂದ ಮರಳಿದ ದಿನವೂ ಕುಟ್ಟಲು ನಿಂತೆ. ನಾಲ್ಕು ಪೆಟ್ಟು ಬಿದ್ದಿರಬೇಕು. ಅವರು ಕೂಗಿದರು: "ಇವತ್ತು ಬೇಡ ಅಮ್ಮಾಯಿ, ನಿಲ್ಸು. ನಾನು ಎದ್ದೇ ಇರ್ತೀನಿ." ಮುಖ ನೋಡದವರಿಗೆ ನನ್ನ ಅಳು ನೆಲದ ಅದುರಿನಿಂದಲೇ ತಿಳಿದಿತ್ತು.

ಅವರ ಕೊನೆಯ ದಿನ ಅತ್ತೆ ಒನಕೆಯನ್ನು ಮೂಲೆಗಿಟ್ಟಿದ್ದರು. "ಜೀವ ಹೋಗೋ ಮನೇಲಿ ಕುಟ್ಬಾರ್ದು," ಎಂದಿದ್ದರು. ಜೀವ ಹೋಗುತ್ತಲೂ ಇರಲಿಲ್ಲ. ಬೆಳಗಿನಿಂದ ಅವರದು ಒಂದೇ ಮಾತು: "ಮಿಲ್ಲು ಯಾಕೆ ನಿಂತೋಯ್ತು? ನಿದ್ದೆ ಬರ್ತಿಲ್ಲ."

ಮೊದಲ ಸಲ ಅವರ ಕೋಣೆಯ ಹೊಸ್ತಿಲು ದಾಟಿ ಅವರೆದುರು ನಿಂತೆ. "ಮಾವಾ, ನಾನು ಕುಟ್ತೀನಿ, ನೀವು ಮಲ್ಗಿ" ಎಂದೆ. ಅಷ್ಟು ವರ್ಷ ಕೂಡಿಟ್ಟ ಒಂದೇ ಮಾತು. ಅವರಿಗೆ ಕೇಳಿಸಲಿಲ್ಲ.

ಹೋಗಿ ಖಾಲಿ ಒರಳಿಗೇ ಒನಕೆ ಹಾಕಿದೆ. ಬೈಯಲು ಬಂದ ಅತ್ತೆ ನನ್ನನ್ನು ನೋಡಿದರು. ಅಟ್ಟದಿಂದ ಹಳೆಯ ಒನಕೆ ಇಳಿಸಿ ತಂದು ಎದುರು ನಿಂತರು. ಅವರದೊಂದು ಪೆಟ್ಟು, ನನ್ನದೊಂದು.

ಗೊರಕೆ ಕೇಳಿಸಿತು. ಆಮೇಲೆ ಅದೂ ನಿಂತಿತು. ನಾವಿಬ್ಬರೂ ನಿಲ್ಲಿಸಲಿಲ್ಲ.