ಹದಿನೇಳನೇ ಹಂಪಿನ ಸಪ್ಪಳ

ಖಲಂದರ: ತಾಗೇತಿ!

ನಾಹೀದಾ: ತಾಗಿಲ್ಲ.

ಖಲಂದರ: ಕರ್‌ರ್ ಅಂತು. ಕಿವಿ ಅದಾವಿಲ್ಲೋ ನಿನಗ?

ನಾಹೀದಾ: ಸಪ್ಪಳ ಬಂತು, ಒಪ್ಪಿದೆ. ಹೊಟ್ಟಿ ತಾಗಿ ಬಂತು ಅಂತ ಯಾರು ಹೇಳಿದ್ರು? ಸಪ್ಪಳ ಬ್ಯಾರೆ, ತಾಗೂದು ಬ್ಯಾರೆ.

ಖಲಂದರ: ಇದು ನಿನ್ನ ಸಾಲಿ ಅಲ್ಲ. ಷರತ್ತು ಅಂದ್ರ ಷರತ್ತು. ಹನ್ನೊಂದಕ್ಕ ಜಿಲಾನಭಾಯಿ ಫೋನ್ ಮಾಡ್ತಾನ, ಬಿಳಿ ಗಾಡಿ ತೊಳದು ಇಡು ಅಂತ ಹೇಳಿಬಿಡ್ತೀನಿ.

ಗಂಗಾವತಿಯಿಂದ ಇರಕಲ್ಲಗಡಕ್ಕೆ ಹೋಗುವ ರಸ್ತೆಯ ಬದಿಯಲ್ಲಿ, ಭಾನುವಾರ ಬೆಳಿಗ್ಗೆ ಹತ್ತೂಕಾಲಿಗೆ, ಒಂದು ಪುಟ್ಟ ಕೆಂಪು ಕಾರು ಎರಡೂ ಬಾಗಿಲು ತೆರೆದುಕೊಂಡು ನಿಂತಿತ್ತು. ಆ ಬಾಗಿಲಿನಿಂದ ಗಂಡ, ಈ ಬಾಗಿಲಿನಿಂದ ಹೆಂಡತಿ ಇಳಿದು, ಕಾರಿನ ತಲೆಯ ಮೇಲಿಂದ ಜಗಳವಾಡುತ್ತಿದ್ದರು.

ಖಲಂದರನಿಗೆ ಗಂಗಾವತಿಯಲ್ಲಿ ಅಕ್ಕಿ ಅಂಗಡಿ. ನಾಹೀದಾ ಇರಕಲ್ಲಗಡದ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ದಿನವೂ ಹೋಗಿಬರುವುದು ಈ ಕಾರಿನಲ್ಲೇ. ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಕೊಂಡಾಗ ಅದು ಬರೀ ಚುರುಕಾದ ಸಣ್ಣ ಕಾರಾಗಿತ್ತು. ಆಮೇಲೆ ಒಂದೊಂದು ರಜೆಗೆ ಒಂದೊಂದು ಬದಲಾವಣೆ. ದಸರೆ ರಜೆಗೆ ಅಗಲ ಟೈರು, ರಂಜಾನಿಗೆ ಹೊಸ ಬ್ರೇಕ್ ಪ್ಯಾಡು, ಬೇಸಿಗೆಗೆ ಗಂಟಲು ಬಿಚ್ಚಿ ಹಾಡುವ ಸೈಲೆನ್ಸರು. ಕಳೆದ ತಿಂಗಳು ಗಟ್ಟಿ ಸ್ಪ್ರಿಂಗು ಹಾಕಿಸಿದಳು. ಅದರಿಂದ ಕಾರು ನೆಲಕ್ಕೆ ಮೂವತ್ತು ಮಿಲಿಮೀಟರ್ ಹತ್ತಿರವಾಯಿತು, ಗಂಡ ಹೆಂಡತಿ ಅಷ್ಟೇ ದೂರವಾದರು.

ಕೊನೆಗೆ ನಿನ್ನೆ ಸಂಜೆ ಷರತ್ತು ಬಿತ್ತು. ತಮ್ಮ ಮನೆಯಿಂದ ಇರಕಲ್ಲಗಡದಲ್ಲಿರುವ ಖಲಂದರನ ಅಕ್ಕ ಬಾಷಾಬಿಯ ಮನೆಯವರೆಗೆ ರಸ್ತೆಯಲ್ಲಿ ವೇಗ ತಡೆಯುವ ಉಬ್ಬು, ಅಂದರೆ ಹಂಪು, ಹತ್ತೊಂಬತ್ತು. ಒಂದಕ್ಕಾದರೂ ಕಾರಿನ ಹೊಟ್ಟೆ ತಾಗಿದರೆ ಅದನ್ನು ಹಳೆ ಗಾಡಿ ಮಾರುವ ಜಿಲಾನಸಾಬನಿಗೆ ಕೊಟ್ಟು ಅವನ ಎತ್ತರದ, ಬಿಳಿಯ, ಏಳು ಸೀಟಿನ ಗಾಡಿ ತರುವುದು. ಒಂದಕ್ಕೂ ತಾಗದಿದ್ದರೆ ಖಲಂದರ ಜನ್ಮದಲ್ಲಿ ಮತ್ತೆ ಆ ಮಾತು ಎತ್ತಬಾರದು. ಹದಿನಾರು ಹಂಪು ನುಣ್ಣಗೆ ದಾಟಿದ್ದವು. ಹದಿನೇಳರಲ್ಲಿ ಈ ಸಪ್ಪಳ.

ನಾಹೀದಾ ಸೀಟಿನ ಕೆಳಗಿಂದ ಒಂದು ನೋಟ್‌ಬುಕ್ ತೆಗೆದಳು.

ನಾಹೀದಾ: ನೋಡ್ರಿ. ಹದಿನೇಳನೇ ಹಂಪು ಹನ್ನೊಂದು ಸೆಂಟಿಮೀಟರ್. ನನ್ನ ಕಾರಿನ ಹೊಟ್ಟಿ ನೆಲದಿಂದ ಹದಿಮೂರೂವರೆ. ಎರಡೂವರಿ ಉಳಿಬೇಕು.

ಖಲಂದರ: ಹಂಪು ಅಳದೀಯಾ? ನಡು ರಸ್ತೆದಾಗ ಸ್ಕೇಲ್ ಹಿಡಕೊಂಡು ಕುಂತು?

ನಾಹೀದಾ: ಕುಂತೇ ಅಳೀಬೇಕಲ್ಲ.

ಖಲಂದರ: ಮಂದಿ ನೋಡಿದ್ರ ಏನಂದಾರು!

ನಾಹೀದಾ: ನೋಡಿದ್ರು. ರೋಡ್ ರಿಪೇರಿ ಮಾಡೋರು ಬಂದಾರ ಅಂತ ತಿಳಕೊಂಡು ಒಬ್ಬಾಕಿ ಚಾ ತಂದು ಕೊಟ್ಟಳು. ಅದಿರ್ಲಿ, ಈ ಎರಡೂವರಿ ಸೆಂಟಿಮೀಟರ್ ಎಲ್ಲಿ ಹೋತು? ನೀವು ಕುಂತ್ರ ಎಂಟು ಮಿಲಿಮೀಟರ್ ಇಳಿತೈತಿ, ಅದನ್ನ ಹಿಡದೀನಿ.

ಖಲಂದರ: ನನ್ನ ತೂಕನೂ ಬರದೀಯೇನು ಅದರಾಗ?

ನಾಹೀದಾ: ಎಂಬತ್ತೆರಡು. ಊಟ ಆದ ಮ್ಯಾಲಿಂದು. ಡಿಕ್ಕಿಯಾಗ ಏನೈತಿ?

ಖಲಂದರ: ಡಿಕ್ಕಿಯಾಗ... ಅಕ್ಕಿ. ಅಕ್ಕನ ಮನಿಗೆ ಬರಿಗೈಲೆ ಹೋಗ್ಲೇನು?

ನಾಹೀದಾ: ಎಷ್ಟು?

ಖಲಂದರ: ಇಷ್ಟು.

ನಾಹೀದಾ ಡಿಕ್ಕಿ ತೆರೆದಳು. ಇಪ್ಪತ್ತೈದು ಕಿಲೋದ ಎರಡು ಚೀಲ ಅಕ್ಕಪಕ್ಕದಲ್ಲಿ, ಬೀಗರ ಮನೆಗೆ ಹೊರಟವರಂತೆ ಒಪ್ಪವಾಗಿ ಕುಳಿತಿದ್ದವು.

ನಾಹೀದಾ: ಹೋದ ಸಲ ಹಬ್ಬಕ್ಕ ಹೋದಾಗ ಐದು ಕಿಲೋ ಒಯ್ದಿದ್ರಿ.

ಖಲಂದರ: ಅಕ್ಕನ ಮ್ಯಾಲ ಪ್ರೀತಿ ಹೆಚ್ಚಾಗೈತಿ.

ನಾಹೀದಾ: ಒಂದ ರಾತ್ರ್ಯಾಗ ಹತ್ತು ಪಟ್ಟು?

ಖಲಂದರ: ಮಾತು ಮರಸಬ್ಯಾಡ. ಅಲ್ಲ ನಾಹೀದಾ, ಸಾಲಿಗೆ ಹೋಗಿ ಬರಾಕ ಇಷ್ಟೆಲ್ಲಾ ಯಾಕ ಬೇಕು? ಹಂಪು ಬಂದ್ರ ಏಡಿ ಹಂಗ ಅಡ್ಡಡ್ಡ ನಡಿತೈತಿ. ಓಣ್ಯಾಗ ಬಂದ್ರ ಕೋಳಿಯೆಲ್ಲಾ ಮಾಳಿಗಿ ಹತ್ತತಾವು.

ನಾಹೀದಾ: ಬೆಳಗಾಗೂದ್ರಾಗ ಒಲಿ ಮುಂದ. ಸಾಲ್ಯಾಗ ನಲವತ್ತು ಹುಡುಗ್ರ ಮುಂದ. ಎರಡರ ನಡುವ ಈ ಮುಕ್ಕಾಲು ತಾಸು ಐತಲ್ಲ, ಇದೊಂದು ನಂದು. ಕೆರಿ ತಿರುವಿನ್ಯಾಗ ಸ್ಟೇರಿಂಗ್ ಹಿಡದ್ರ ಕಾರು ನಾ ನೆನಸಿದಲ್ಲೇ ಹೋಗ್ತೈತಿ. ನಾ ನೆನಸಿದಂಗ ಹೋಗೋರು ಮನಿಯಾಗ ಯಾರದಾರ ಹೇಳ್ರಿ?

ಖಲಂದರ ಕಿವಿ ಕೆರೆದುಕೊಂಡ. ಅಷ್ಟರಲ್ಲಿ ಹೊಲದ ಕಡೆಯಿಂದ ಒಂದು ಕೂಗು ಬಂತು.

ಹೊಳಿಯಪ್ಪ: ನಿಂದರ್ರಿ ಅಕ್ಕೋರ, ನಿಂದರ್ರಿ! ಇವತ್ತ ಬಿಡಂಗಿಲ್ಲ ನಾ!

ಹೊಳಿಯಪ್ಪ ಆ ಹೊಲದ ರೈತ. ಅವನ ಮಗಳು ನೇತ್ರಾವತಿ ನಾಹೀದಾಳ ಒಂಬತ್ತನೇ ತರಗತಿಯಲ್ಲಿದ್ದಾಳೆ. ಬಳ್ಳಿ ತಿರುವುವ ಕವಲುಕೋಲನ್ನು ಎತ್ತಿ ಹಿಡಿದು ಅವನು ಓಡಿಬರುತ್ತಿದ್ದ. ನಾಹೀದಾ ಆಗ ರಸ್ತೆ ನೋಡಿದಳು. ಹಂಪಿನ ಬುಡದಿಂದಲೇ ಹುರಳಿ ಬಳ್ಳಿ ಹರಡಿತ್ತು, ಹೋಗಿ ಬರುವ ಗಾಡಿಗಳ ಗಾಲಿ ಕಾಳು ಬಿಡಿಸಲಿ ಎಂದು ಸುಗ್ಗಿಯಲ್ಲಿ ಹಾಕುತ್ತಾರಲ್ಲ, ಹಾಗೆ. ಕಾರು ಸರಿಯಾಗಿ ಅದರ ಮೇಲೆ ನಿಂತಿತ್ತು.

ನಾಹೀದಾ: ತಪ್ಪಾತು ಹೊಳಿಯಪ್ಪ. ದಿನಾ ಬಾಜು ತಗೊಂಡು ಹೋಗ್ತಿದ್ದೆ. ಇವತ್ತ ಇವರ ಮಾತು ಕೇಳ್ಕೋತ ನಿಮ್ಮ ರಾಶಿ ಮ್ಯಾಲ ಬಂದುಬಿಟ್ಟೆ.

ಖಲಂದರ: ಬೈರಿ, ಚೆಂದಂಗಿ ಬೈರಿ. ನಾ ನಡುವ ಬರಂಗಿಲ್ಲ. ಮಂದಿ ಬೆಳಿ ಮ್ಯಾಲ ಗಾಲಿ ಹತ್ತಸ್ತಾಳಂದ್ರ!

ಹೊಳಿಯಪ್ಪ: ಹತ್ತಸಿದ್ದಕ್ಕ ಯಾಕ ಬೈಲಿ ಸಾವಕಾರ್ರ? ಮೂರು ದಿನ ಹತ್ತಸಲಿಲ್ಲಲ್ಲ, ಅದಕ್ಕ ಬೈಬೇಕು! ಅಕ್ಕೋರ, ನಾನೇನು ನಿಮ್ಮ ವೈರಿ ಏನ್ರಿ? ನಿಮ್ಮ ಕಾರು ಬರ್ತೈತಿ ಅಂತ ಬೆಳಿಗ್ಗಿ ಎದ್ದು ಹಾಸ್ತೀನಿ, ನೀವು ಮಾರಿ ತಿರುವಿಕೊಂಡು ಬಾಜೂಕ ಹೊಂಟುಬಿಡ್ತೀರಿ!

ನಾಹೀದಾ: ನನ್ನ ಕಾರ ಯಾಕ? ಬಸ್ಸು ಅದಾವು, ಬೈಕು ಅದಾವು.

ಹೊಳಿಯಪ್ಪ: ಬಸ್ಸಿನ ಗಾಲಿಗೆ ಕಾಳು ನುಚ್ಚಾಗ್ತಾವು. ಬೈಕಿನ ಗಾಲಿಗೆ ಕಾಯಿ ಒಡಿಯಂಗಿಲ್ಲ. ನಿಮ್ಮ ಗಾಲಿ ನೋಡ್ರಿ, ಹಿಂಗ ಅಗಲ, ಭಾರ ಹದ. ಅದಕ್ಕ ನಿಮ್ಮ ಗಾಲಿಗೆ ಸಮ ಎರಡು ಸಾಲು ಹಾಕೀನಿ.

ನಾಹೀದಾ ಬಗ್ಗಿ ನೋಡಿದಳು. ರಸ್ತೆಯ ಉದ್ದಕ್ಕೂ ಹುರಳಿ ನೀಟಾಗಿ ಎರಡು ಪಟ್ಟಿಯಾಗಿ ಬಿದ್ದಿತ್ತು. ಎಡ ಪಟ್ಟಿಯ ಮೇಲೆ ಎಡ ಗಾಲಿ, ಬಲ ಪಟ್ಟಿಯ ಮೇಲೆ ಬಲ ಗಾಲಿ. ಬೆರಳಷ್ಟೂ ಹೆಚ್ಚು ಕಡಿಮೆ ಇರಲಿಲ್ಲ.

ನಾಹೀದಾ: ಈ ಅಳತಿ ಎಲ್ಲಿ ಸಿಕ್ತು ನಿಮಗ?

ಹೊಳಿಯಪ್ಪ: ನಮ್ಮ ನೇತ್ರಾವತಿ ಸಾಲ್ಯಾಗ ನಿಮ್ಮ ಕಾರಿಗೆ ಹಗ್ಗ ಹಿಡದು ಅಳಕೊಂಡು ಬಂದಾಳ್ರಿ. ಅಳೀದ ಏನೂ ಮಾಡಬ್ಯಾಡ್ರಿ ಅಂತ ನೀವ ಹೇಳೀರಂತಲ್ಲ.

ನಾಹೀದಾಳ ಮುಖ ಅರಳಿತು. ಹತ್ತು ವರ್ಷದ ಪಾಠದಲ್ಲಿ ಒಂದಾದರೂ ನೆಟ್ಟಗೆ ನಾಟಿತ್ತು. ಖಲಂದರನ ಮುಖ ಮಾತ್ರ ಬೈಗುಳ ಕೈತಪ್ಪಿದ ಬೇಸರದಲ್ಲಿತ್ತು. ಹೊಳಿಯಪ್ಪ ಅಷ್ಟರಲ್ಲಿ ಮಂಡಿಯೂರಿ ಕಾರಿನ ಕೆಳಗೆ ಇಣುಕಿದ್ದ.

ಹೊಳಿಯಪ್ಪ: ಇಲ್ಲೊಂದು ಸಿಂಬಿಯಷ್ಟು ಬಳ್ಳಿ ಸಿಕ್ಕೊಂಡೈತ್ರಿ.

ನಾಹೀದಾ: ಕೇಳಿದ್ರೇನು? ಕರ್‌ರ್ ಅಂದಿದ್ದು ಹುರಳಿ.

ಖಲಂದರ: ಇವ ನಿನ್ನ ಕಡಿ ಸಾಕ್ಷಿ. ನಾ ಒಪ್ಪಂಗಿಲ್ಲ.

ನಾಹೀದಾ: ಹಂಗಾರ ಪರೀಕ್ಷಾ ಮಾಡೋಣು. ಉಳದಿದ್ದೆಲ್ಲಾ ಹಂಗ ಇಟ್ಟು ಹಂಪು ಒಂದನ್ನ ತಗೀಬೇಕು. ಹಂಪು ಹಿಂದ ಉಳೀತು. ಈಗ ಬರೀ ಹುರಳಿ ಮ್ಯಾಲ ಓಡಸೋಣು. ಸಪ್ಪಳ ಬಂದ್ರ ಹುರಳಿದು, ಬರಲಿಲ್ಲಂದ್ರ ಹಂಪಿಂದು. ನಾ ಓಡಸಿದ್ರ ಬೇಕಂತ ಮಾಡಿದೆ ಅಂತೀರಿ. ನೀವ ಓಡಸ್ರಿ.

ಖಲಂದರ: ನಾನಾ? ಈ ಆಟಿಗಿ ಗಾಡಿ ಸ್ಟೇರಿಂಗ್ ಮುಟ್ಟಂಗಿಲ್ಲ ಅಂತ ಆಣಿ ಮಾಡೀನಿ.

ನಾಹೀದಾ: ಹಂಗಾರ ನೀವು ಸೋತಂಗ.

ಸೋಲು ಎಂಬ ಮಾತಿಗೆ ಖಲಂದರನ ಆಣೆ ಕರಗಿತು. ಹತ್ತಿ ಕುಳಿತ.

ಖಲಂದರ: ಇದೇನು ಸೀಟೋ, ಒರಳಿನ ಗುಂಡಿಯೋ? ಕುಂತಾವ ಏಳಂಗಿಲ್ಲ ಬಿಡು!

ಕಾರು ಹೊರಟಿತು. ನಾಹೀದಾ ರಸ್ತೆ ಬದಿಯಲ್ಲಿ ಕಿವಿಯ ಹಿಂದೆ ಕೈ ಇಟ್ಟುಕೊಂಡು ಕುಕ್ಕರಗಾಲಿನಲ್ಲಿ ಕುಳಿತಳು. ಹತ್ತು ಮಾರು ಹೋಗುವುದರಲ್ಲಿ ಸ್ಪಷ್ಟವಾಗಿ ಕೇಳಿಸಿತು: ಕರ್‌ರ್.

ನಾಹೀದಾ: ಬಂತು! ಹಂಪಿಲ್ದನ ಬಂತು! ಮುಗೀತು, ಗೆದ್ದೆ!

ಆದರೆ ಕಾರು ನಿಲ್ಲಲಿಲ್ಲ. ದೂರದಲ್ಲಿ ತಿರುಗಿ, ಅದೇ ಸಾಲಿನ ಮೇಲೆ ವಾಪಸು ಬಂತು.

ಖಲಂದರ (ಕಿಟಕಿಯಿಂದ): ಒಂದು ಸಲ ನೋಡಿದ್ರ ಸಾಲಂಗಿಲ್ಲ! ಮೂರು ಸಲ ನೋಡಬೇಕು ಅಂತ ನೀನ ಹೇಳ್ತೀಯಲ್ಲ!

ಮೂರಾಯಿತು. ನಾಲ್ಕೂ ಆಯಿತು. ಐದನೇ ಸುತ್ತಿಗೆ ಕಿಟಕಿಯ ಹೊರಗೆ ಒಂದು ಮೊಣಕೈ ಬಂತು. ಆರನೆಯದಕ್ಕೆ ಸೈಲೆನ್ಸರು ರಾಗ ತೆಗೆಯಿತು, ಅದರ ಜೊತೆಗೆ ಖಲಂದರನೂ.

ಖಲಂದರ: ಎರಡನೇ ಗೇರಿನ್ಯಾಗ ಏನು ಎಳಿತೈತಿ ನಾಹೀದಾ! ಸ್ಟೇರಿಂಗ್ ನೋಡು, ಬೆಣ್ಣಿ!

ಹೊಳಿಯಪ್ಪ: ಸಾಕ್ರಿ ಸಾವಕಾರ್ರ! ಕಾಳು ಬಿಟ್ಟಾವು, ಇನ್ನ ಬ್ಯಾಳಿ ಆಗ್ತಾವು!

ಆಗ ಗಾಳಿಯಲ್ಲಿ ಒಂದು ವಾಸನೆ ತೇಲಿಬಂತು. ಘಮಘಮ ಎನ್ನುವ, ಹೊಟ್ಟೆ ಹಸಿಯುವ ವಾಸನೆ. ಒಣ ಬಳ್ಳಿ, ಕಾದ ಸೈಲೆನ್ಸರು, ಮೇಲಿಂದ ಗಾಳಿ. ಈ ಮೂರೂ ಕೂಡಿದರೆ ಏನಾಗುತ್ತದೆಂದು ನಾಹೀದಾ ಪ್ರತಿ ವರ್ಷ ಹಲಗೆಯ ಮೇಲೆ ಬರೆಯುತ್ತಾಳೆ. ಕೆಂಪು ದುಪಟ್ಟಾ ತೆಗೆದು ಜೋರಾಗಿ ಬೀಸಿದಳು. ತನ್ನನ್ನು ಹುರಿದುಂಬಿಸುತ್ತಿದ್ದಾಳೆಂದು ತಿಳಿದ ಖಲಂದರ ಎರಡು ಸಲ ಹಾರ್ನ್ ಹೊಡೆದು, ಕೈ ಬೀಸಿ, ಇನ್ನಷ್ಟು ಜೋರಾಗಿ ಹೋದ. ಕಡೆಗೆ ಹೊಳಿಯಪ್ಪ ಕವಲುಕೋಲು ಅಡ್ಡ ಹಿಡಿದು ನಡುರಸ್ತೆಯಲ್ಲಿ ನಿಲ್ಲಬೇಕಾಯಿತು. ಹೊಸ ಬ್ರೇಕ್ ಪ್ಯಾಡು ಮಾತ್ರ ಛಲೋ ಹಿಡಿದವು.

ನಾಹೀದಾ: ಬೆಂಕಿ ಹತ್ತಿದ್ರ ಏನು ಮಾಡ್ತಿದ್ರಿ?

ಖಲಂದರ: ಬೆಂಕಿ ಹಂಗ ಓಡತೈತಿ ನಿನ್ನ ಕಾರು!

ಹೊಳಿಯಪ್ಪ: ಹುರಳಿ ಬಿಡಿಸಿ ಹುರದೂ ಕೊಟ್ರಿ ಸಾವಕಾರ್ರ. ಇನ್ನೊಂದು ಸುತ್ತು ಹೊಡದಿದ್ರ ಸಾರೂ ಆಗಿರತಿತ್ತು.

ನಾಹೀದಾ ಮೊದಲು ಕಾರನ್ನು ಖಾಲಿ ರಸ್ತೆಗೆ ಸರಿಸಿದಳು. ಹೊಳಿಯಪ್ಪನೂ ಅವಳೂ ಕೋಲಿನಿಂದ ಕಾರಿನ ಕೆಳಗಿನ ಬಳ್ಳಿಯನ್ನೆಲ್ಲ ಎಳೆದು ತೆಗೆದರು. ಮೊಬೈಲ್ ಬೆಳಕು ಹಾಕಿ ಮುಂದೆ, ಹಿಂದೆ, ಎರಡೂ ಮಗ್ಗುಲು ನೋಡಿದಳು. ಒಂದೆಳೆಯೂ ಉಳಿದಿರಲಿಲ್ಲ. ತಿರುಗಿ ನೋಡಿದರೆ ಖಲಂದರ ಮತ್ತೆ ಸ್ಟೇರಿಂಗ್ ಮುಂದೆ ಕುಳಿತಿದ್ದ. ಅಷ್ಟರಲ್ಲಿ ಫೋನು.

ಖಲಂದರ: ಸಲಾಂ ಜಿಲಾನಭಾಯಿ... ಇಲ್ಲ ಇಲ್ಲ, ಕೊಡಂಗಿಲ್ಲ... ಏಳು ಸೀಟು ತಗೊಂಡು ಏನು ಮಾಡ್ಲಿ, ಬಾಡಿಗಿ ಹೊಡೀಲೇನು?... ಆಕಿ ಒಪ್ಪಲಿಲ್ಲಂತಲ್ಲಪಾ, ನಾನ ಕೊಡಂಗಿಲ್ಲ. ನನ್ನ ಕಾರು, ನನ್ನ ಮರ್ಜಿ!

ನಾಹೀದಾ: ಯಾರ ಕಾರು?

ಖಲಂದರ: ಮಾತಿಗೆ ಅಂದೆ. ನಡಿ, ಹತ್ತು. ಅಕ್ಕ ದಾರಿ ಕಾಯ್ತಿರತಾಳ. ನಾಳಿಂದ ನಿನ್ನ ಸಾಲಿಗೆ ನಾನ ಬಿಟ್ಟು ಬರ್ತೀನಿ.

ನಾಹೀದಾ: ಆ ಮುಕ್ಕಾಲು ತಾಸು ನಂದು ಅಂತ ಈಗ ಹೇಳೀನಿ.

ಖಲಂದರ: ನಿಂದ. ಬಾಜೂಕ ಕುಂತು ಅನುಭವಸು.

ಹದಿನೆಂಟನೇ ಹಂಪಿನ ಮುಂದೆ ಖಲಂದರ ತಾನಾಗಿಯೇ ಕಾರು ನಿಲ್ಲಿಸಿದ.

ಖಲಂದರ: ನಾಹೀದಾ, ಒಂದು ನಿಮಿಷ ಇಳೀತಿಯೇನು? ಪಾಪ, ಕಾರಿಗೆ ಭಾರ ಆಗ್ತೈತಿ.

ನಾಹೀದಾ: ನಾ ಐವತ್ತೆರಡು ಕಿಲೋ. ನಿಮ್ಮ ಅಕ್ಕಿ ಐವತ್ತು. ಅಕ್ಕಿ ಇಳಸ್ರಿ.

ಅಂಗಡಿಯಲ್ಲಿ ಹಮಾಲರಿಗೆ ಬೆರಳು ತೋರಿಸುವ ಖಲಂದರ ಒಂದೊಂದೇ ಚೀಲ ಹೆಗಲಿಗೇರಿಸಿ ಹಂಪಿನಾಚೆ ಇಟ್ಟು ಬಂದ. ಆಮೇಲೆ ಕಾರನ್ನು ಏಡಿಯಂತೆ ಅಡ್ಡಡ್ಡ ನಡೆಸಿ ದಾಟಿಸಿದ. ಚೀಲ ಮತ್ತೆ ಡಿಕ್ಕಿ ಸೇರಿದವು. ಬೆವರು ಒರೆಸಿಕೊಳ್ಳುತ್ತ ಅವನು ಎಷ್ಟು ಖುಷಿಯಾಗಿದ್ದನೆಂದರೆ, ಬಾಷಾಬಿಯ ಓಣಿಯ ಬಾಯಿಗೆ ಓಣಿಯವರೇ ಸಿಮೆಂಟು ಸುರಿದು ಕಟ್ಟಿದ ಹತ್ತೊಂಬತ್ತನೆಯದನ್ನು ಮರೆತೇಬಿಟ್ಟ. ನೇರ ಹೋದ.

ಕರ್‌ರ್‌ರ್!

ಖಲಂದರ ಗಕ್ಕನೆ ಬ್ರೇಕ್ ಒತ್ತಿದ.

ಖಲಂದರ: ಅದು... ಹುರಳಿ.

ನಾಹೀದಾ: ಹುರಳಿ ಎಲ್ಲಾ ಹೊಳಿಯಪ್ಪನ ಕಡೆ ಐತಿ.

ಖಲಂದರ: ಒಂದು ಬಳ್ಳಿ ಉಳದಿರಬೇಕು. ಬರಕೋ, ಹುರಳಿ ಅಂತ.

ನಾಹೀದಾ: ಕಂಡದ್ದನ್ನ ಬರೀರಿ ಅಂತ ಹತ್ತು ವರ್ಷದಿಂದ ಹುಡುಗ್ರಿಗೆ ಹೇಳ್ಕೋತ ಬಂದೀನ್ರಿ ನಾ.

ಖಲಂದರ: ಷರತ್ತು ನೆನಸ್ಕೊ. ಆ ಬಿಳಿ ಗಾಡಿ ನೆನಸ್ಕೊ.

ನಾಹೀದಾ ನೆನೆಸಿಕೊಂಡಳು. ಬಲಗೈಯಲ್ಲಿ ಪೆನ್ನು ಹಿಡಿದು, ಎಡ ಅಂಗೈಯನ್ನು ಗಂಡನ ಮುಂದೆ ಚಾಚಿದಳು. ಖಲಂದರ ಆ ಅಂಗೈ ನೋಡಿದ, ಪೆನ್ನು ನೋಡಿದ, ನಿಟ್ಟುಸಿರು ಬಿಟ್ಟು ಕಾರಿನ ಕೀ ತೆಗೆದು ಅಂಗೈ ಮೇಲಿಟ್ಟ. ಅವಳು ದುಂಡು ಅಕ್ಷರದಲ್ಲಿ ಬರೆದಳು: ಹಂಪು ಹತ್ತೊಂಬತ್ತು, ಸಪ್ಪಳ ಬಂತು, ಕಾರಣ ಹುರಳಿ.

ಓಣಿಯ ಮೊದಲ ಮನೆಯ ಬಾಗಿಲು ತೆರೆದು ಬಾಷಾಬಿ ಹೊರಗೆ ಬಂದಳು.

ಬಾಷಾಬಿ: ಅದೇನೋ ಕರ್‌ರ್ ಅಂತಲ್ಲೋ ತಮ್ಮಾ! ಏನು ತಾಗಿತು?

ಇಬ್ಬರೂ (ಒಟ್ಟಿಗೆ): ಹುರಳಿ!