ಮಾಸ್ತರರ ಐವತ್ತು ಬಟ್ಟಲು ಕಾಳು

ಭಾನುವಾರ ಬೆಳಗಿನ ಎರಡನೇ ಚಹಾ ಮುಗಿಸಿದ ಶ್ರೀಶೈಲ ಮಾಸ್ತರರು, ಸಿಂದಗಿಯ ತಮ್ಮ ಮನೆಯ ಪಡಸಾಲೆಯಲ್ಲಿ ಎದ್ದುನಿಂತು ಒಂದು ಚಾರಿತ್ರಿಕ ಘೋಷಣೆ ಹೊರಡಿಸಿದರು.

"ನಾಳಿಂದ ಈ ಮನ್ಯಾಗ 'ಇವತ್ತ ಏನ್ ಅಡಿಗಿ' ಅಂತ ಯಾರೂ ಯಾರನ್ನೂ ಕೇಳಂಗಿಲ್ಲ!"

ಘೋಷಣೆಗೆ ಕಾರಣವಿತ್ತು. ಅವರ ಹೆಂಡತಿ ವಿಜಯಲಕ್ಷ್ಮಿ ಇಂಡಿ ಊರಿನ ಬ್ಯಾಂಕೊಂದರಲ್ಲಿ ಕೆಲಸಕ್ಕಿದ್ದಳು. ಎಂಟರ ಬಸ್ಸು ಹಿಡಿಯುವ ಅವಸರದಲ್ಲೂ ದಿನಾ ಬೆಳಿಗ್ಗೆ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಬಂದು ಅತ್ತೆಯನ್ನು ಕೇಳುತ್ತಿದ್ದಳು: "ಅತ್ತಿ, ಇವತ್ತ ಏನ್ ಮಾಡೂಣ್ರಿ?"

ಅತ್ತೆ ಸಿದ್ದಲಿಂಗವ್ವನಿಗೆ ಎಪ್ಪತ್ತಾರು ವರ್ಷ. ಅವರ ಉತ್ತರ "ಏನರ ಮಾಡವಾ" ಎಂದು ಹೊರಡುತ್ತಿತ್ತು. ನಿನ್ನೆಯ ಪುಂಡಿಪಲ್ಯ, ಮೊನ್ನೆಯ ಬದನೆಕಾಯಿ, ಆಲಮೇಲದ ಹಳೇ ಮನೆಯಲ್ಲಿ ಹದಿನಾರು ಮಂದಿಗೆ ರೊಟ್ಟಿ ಬಡಿದದ್ದು, ತೀರಿಹೋದ ಯಜಮಾನರಿಗೆ ಮಡಕಿ ಕಾಳೆಂದರೆ ಜೀವ ಅನ್ನುವುದು, ಹೀಗೆ ಎಲ್ಲ ಊರು ಸುತ್ತಿ ಕಡೆಗೆ "ಹೆಸರಬ್ಯಾಳಿ ಮಾಡಿಬಿಡು" ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು.

ಮಾಸ್ತರರು ಇಪ್ಪತ್ತಾರು ವರ್ಷದಿಂದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿರುವವರು. ಸುಮ್ಮನಿರುತ್ತಾರೆಯೇ? ದಿನಕ್ಕೆ ಹತ್ತು ನಿಮಿಷ, ವರ್ಷಕ್ಕೆ ಮೂರು ಸಾವಿರದ ಆರುನೂರ ಐವತ್ತು! "ಎರಡೂವರಿ ದಿನಾ ಆತು! ಎರಡೂವರಿ ದಿನಾ ಬರೇ ಮಾತಿನ್ಯಾಗ ಹೊಕ್ಕೈತಿ!"

ಮಧ್ಯಾಹ್ನದ ಹೊತ್ತಿಗೆ ಏಳು ದಿನ, ಎರಡು ಹೊತ್ತು, ಮೂರು ಬಣ್ಣಗಳ ಪಟ್ಟಿ ಸಿದ್ಧವಾಯಿತು. ಪೇಟೆಗೆ ಹೋಗಿ ಅದಕ್ಕೆ ಲ್ಯಾಮಿನೇಷನ್ ಮಾಡಿಸಿ ತಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಕೆಳಗೆ ಕೆಂಪು ಅಕ್ಷರಗಳಲ್ಲಿ: 'ಬದಲಾವಣೆಗೆ ಅವಕಾಶವಿಲ್ಲ.'

ಪಿಯುಸಿ ಓದುವ ದೊಡ್ಡ ಮಗಳು ಪಲ್ಲವಿ ಬಂದು ನೋಡಿದಳು. "ಪಪ್ಪಾ, ಇದರಾಗ ನಾಪಾಸಾದ್ರ ಮತ್ತ ಸಪ್ಲಿಮೆಂಟರಿ ಐತೇನು?"

ವಿಜಯಲಕ್ಷ್ಮಿಯ ಪ್ರಶ್ನೆ ಇನ್ನೂ ಹರಿತವಾಗಿತ್ತು. "ಹಾಳಿ ಹಚ್ಚಿದ್ರ ಅಡಿಗಿ ತಾನ ಆಗ್ತೈತೇನ್ರಿ? ಕಾಳು ನೆನಿ ಹಾಕಾವರು ಯಾರು?"

"ನಾ ಹಾಕ್ತೇನಿ!" ಎಂದರು ಮಾಸ್ತರರು, ಎದೆಯ ಮೇಲೆ ಕೈಯಿಟ್ಟುಕೊಂಡು. "ವಾರದ್ದೆಲ್ಲಾ ಒಮ್ಮೆಲೆ!"

ಪಟ್ಟಿಯ ಪ್ರಕಾರ ನಾಲ್ಕು ದಿನ ಕಾಳಿನ ಪಲ್ಯ. ತಾವು, ಹೆಂಡತಿ, ತಾಯಿ, ಇಬ್ಬರು ಹೆಣ್ಣುಮಕ್ಕಳು ಸೇರಿ ಐದು ಮಂದಿ. ಎರಡು ಹೊತ್ತಿನಂತೆ ನಲವತ್ತು ಬಟ್ಟಲು. ಯಾರಾದರೂ ಬಂದರೆ ಇರಲೆಂದು ಇನ್ನು ಹತ್ತು. ಒಟ್ಟು ಐವತ್ತು. ಕಿರಾಣಿ ಅಂಗಡಿಯ ಭೀಮಶ್ಯಾ ಮಡಕಿ, ಹೆಸರು, ಅಲಸಂದಿ ಅಳೆದೂ ಅಳೆದೂ ಸುಸ್ತಾಗಿ ಕೇಳಿದ: "ಮಾಸ್ತರ, ಮನ್ಯಾಗ ಮದವಿ ಐತೇನ್ರಿ?"

"ಇಲ್ಲೋ, ಪ್ಲಾನಿಂಗ್ ಐತಿ!"

ಪ್ಲಾನಿಂಗಿನಲ್ಲಿ ಒಂದು ಸಣ್ಣ ಸಂಗತಿ ಬಿಟ್ಟುಹೋಗಿತ್ತು. ಐವತ್ತು ಬಟ್ಟಲು ಪಲ್ಯಕ್ಕೆ ಐವತ್ತು ಬಟ್ಟಲು ಒಣ ಕಾಳು ಬೇಕಿಲ್ಲ! ನೆನೆದರೆ ಕಾಳು ಉಬ್ಬುತ್ತದೆ, ಮೊಳಕೆಯೊಡೆದರೆ ಮತ್ತೂ ಉಬ್ಬುತ್ತದೆ. ಗಣಿತದಲ್ಲಿ ಇದಕ್ಕೆ ಘಾತ ಎನ್ನುತ್ತಾರೆ. ಮಾಸ್ತರರ ಮನೆಯಲ್ಲಿ ಅದು ಅಪಘಾತವಾಯಿತು.

ರಾತ್ರಿಯೇ ಎಲ್ಲವನ್ನೂ ನೆನೆಹಾಕಿ ಮಲಗಿದರು. ಸೋಮವಾರ ಬೆಳಿಗ್ಗೆ ಒಳಗಿನಿಂದ ಕೂಗು ಕೇಳಿಸಿತು. "ಏನ್ರಿ! ಚಾ ಇಡಾಕ ಒಂದ ಪಾತ್ರಿ ಇಲ್ರಿ ಮನ್ಯಾಗ!"

ಕುಕ್ಕರಿನಲ್ಲಿ ಕಾಳು, ಹಾಲಿನ ಪಾತ್ರೆಯಲ್ಲಿ ಕಾಳು, ಮುಚ್ಚಳಗಳನ್ನೆಲ್ಲ ಎತ್ತಿ ಎಸೆದು ಕಟ್ಟೆಯ ತುಂಬ ಕಾಳು! ವಿಜಯಲಕ್ಷ್ಮಿ ಚಹಾ ಇಲ್ಲದೆ ಬಸ್ಸಿಗೆ ಓಡಿದಳು. ಮಾಸ್ತರರು ನೀರು ಬಸಿದು, ಸಿಕ್ಕ ಧೋತರ, ಸಿಕ್ಕ ಟವೆಲಿನಲ್ಲೆಲ್ಲ ಗಂಟು ಕಟ್ಟಿ ಸಾಲಾಗಿ ಇಟ್ಟರು.

ಈ ಗದ್ದಲದಲ್ಲಿ ಅವರು ಒಂದನ್ನು ಗಮನಿಸಲಿಲ್ಲ. ಸಿದ್ದಲಿಂಗವ್ವ ಆ ಬೆಳಿಗ್ಗೆ ಎಂದಿನಂತೆ ಮಿಂದು, ವಿಭೂತಿ ಹಚ್ಚಿಕೊಂಡು ಅಡುಗೆಮನೆಯ ಬಾಗಿಲಲ್ಲಿ ತಮ್ಮ ಮಣೆಯ ಮೇಲೆ ಕುಳಿತಿದ್ದರು. ಯಾರೂ ಅವರನ್ನು ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತು ಕಾದು ಎದ್ದುಹೋದರು. ಮಂಗಳವಾರವೂ ಹಾಗೆಯೇ ಆಯಿತು.

ಮಂಗಳವಾರ ಸಂಜೆ ಮಾಸ್ತರರು ಶಾಲೆಯಿಂದ ಬಂದಾಗ ಬಾಗಿಲ ಬಳಿ ತಾಯಿಯ ಬಟ್ಟೆಚೀಲ ತುಂಬಿ ನಿಂತಿತ್ತು.

"ಎಲ್ಲಿಗವ್ವ?"

"ಮುದ್ದೇಬಿಹಾಳಕ್ಕ, ಸುನಂದಾನ ಮನೀಗೆ. ಮುಂಜಾನಿ ಬಸ್ಸಿಗೆ ಹೋಗ್ತೇನಿ."

ಸುನಂದಾ ಮಾಸ್ತರರ ತಂಗಿ. "ಯಾಕ, ಏನಾತು? ಯಾರರ ಏನರ ಅಂದ್ರೇನು?"

"ಯಾರೂ ಏನೂ ಅಂದಿಲ್ಲಪಾ." ಸಿದ್ದಲಿಂಗವ್ವ ಸೆರಗು ಸರಿಮಾಡಿಕೊಂಡರು. "ಅದಕ್ಕ ಹೊಂಟೀನಿ. ಇಲ್ಲಿ ನಂದೇನ್ ಕೆಲಸ ಐತಿ? ಆ ಫ್ರಿಜ್ಜ ಎಲ್ಲಾ ಹೇಳ್ತೈತಲ್ಲ."

ಮಾಸ್ತರರಿಗೆ ಕರಿಹಲಗೆಯ ಮೇಲೆ ತಪ್ಪು ಲೆಕ್ಕ ಬರೆದು ಇಡೀ ತರಗತಿಯ ಮುಂದೆ ಸಿಕ್ಕಿಬಿದ್ದಂತಾಯಿತು.

ಸಿದ್ದಲಿಂಗವ್ವ ಪ್ರಯಾಣಕ್ಕೆಂದು ತಮ್ಮ ತಾಮ್ರದ ತಂಬಿಗೆ ತರಲು ಒಳಗೆ ಹೋದರು. ತಂಬಿಗೆಯ ತುಂಬ ಮಡಕಿ ಕಾಳು! ಪಕ್ಕದ ಗಂಟು ಬಿಚ್ಚಿದರು. ಅದರ ಪಕ್ಕದ್ದನ್ನೂ ಬಿಚ್ಚಿದರು. ಕಾಳಿಗೆಲ್ಲ ಕಾಲು ಬಂದಿದ್ದವು! ಬೆರಳುದ್ದದ ಬಿಳಿ ಮೊಳಕೆಗಳು ಬಟ್ಟೆಯನ್ನು ತೂರಿಕೊಂಡು ಹೊರಗೆ ಹೊರಟಿದ್ದವು. ಮುದುಕಿ ಮೂಗಿನ ಹತ್ತಿರ ಹಿಡಿದು ನೋಡಿದರು.

"ಶ್ರೀಶೈಲಾ! ಮುಂಜಾನಿ ಅಂದ್ರ ಎಲ್ಲಾ ಹಳಸ್ತಾವೋ! ಇಷ್ಟು ಯಾರಿಗಂತ ಹಾಕೀದಿ?"

"ನಮಗ ಐದ ಮಂದಿಗವ್ವ."

ಸಿದ್ದಲಿಂಗವ್ವ ಒಂದು ಕ್ಷಣ ಮಗನ ಮುಖ ನೋಡಿದರು. ಆಮೇಲೆ ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

ಅಷ್ಟರಲ್ಲಿ ಇಂಡಿಯಿಂದ ಬಂದ ವಿಜಯಲಕ್ಷ್ಮಿ ಚೀಲವನ್ನೂ ನೋಡಿದಳು, ಗಂಡನ ಮುಖವನ್ನೂ ನೋಡಿದಳು. ಸೀರೆ ಸೊಂಟಕ್ಕೆ ಸಿಕ್ಕಿಸಿದಳು. "ಅತ್ತಿ, ಇಷ್ಟಕ್ಕ ಉಪ್ಪು ಎಷ್ಟ ಬೀಳ್ತೈತ್ರಿ? ನನಗಂತೂ ತಿಳೀವಲ್ತು."

"ನಿನಗ ಹೆಂಗ ತಿಳೀಬೇಕು ಯವ್ವಾ! ಸರಿ ಅತ್ತಾಗ. ಹಿತ್ತಲದಾಗ ಒಲಿ ಹೂಡು. ಪಲ್ಲವೀ, ಉಳ್ಳಾಗಡ್ಡಿ ಹೆಚ್ಚು. ಗ್ವಾಡಿ ಆಚಿಂದ ಜೈತುನಬಿನ್ನ ಕರೀರಿ, ಆಕಿ ಕೈಯಾಗ ರೊಟ್ಟಿ ಲಗೂ ಆಗ್ತಾವು. ಓಣಿ ಮಂದಿಗೆಲ್ಲಾ ಊಟಕ್ಕ ಬರಾಕ ಹೇಳ್ರಿ."

ನೆರೆಮನೆಯ ಜೈತುನಬಿ ತನ್ನ ಹಂಚಿನ ಸಮೇತ ಬಂದಳು. "ಯಕ್ಕಾ, ಇದೇನ್ ಕಾಳಿನ ಜಾತ್ರಿ!" ಎಂದು ಮೂಗಿನ ಮೇಲೆ ಬೆರಳಿಟ್ಟಳು. ಸಿದ್ದಲಿಂಗವ್ವ ಒಲೆ ಹತ್ತಿಸಲು ಬೀಸಣಿಗೆ ಹುಡುಕಿ ಸಿಗದೆ, ಫ್ರಿಜ್ಜಿನ ಪಟ್ಟಿಯನ್ನೇ ಕಿತ್ತು ತಂದರು. "ಇದು ಭಾಳ ಚಲೋ ಐತಿ ನೋಡು, ಗಟ್ಟಿ ಐತಿ!" ಎಂದು ಮಗನ ಮೂರು ಬಣ್ಣಗಳಿಂದ ಗಾಳಿ ಹಾಕಿದರು.

ಮಾಸ್ತರರು ಒಂದು ಮೂಲೆಯಲ್ಲಿ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಹೊಗೆ, ಒಗ್ಗರಣೆ, ಹಸಿ ಮೊಳಕೆಯ ವಾಸನೆ ಸೇರಿದ್ದೇ ತಡ, ಎಂಟು ವರ್ಷದವರಾಗಿ ಆಲಮೇಲದ ಮನೆಯ ಒಲೆಯ ಮುಂದೆ ಹೋಗಿ ಕುಳಿತರು. ಅಲ್ಲಿ ಅವ್ವ ಕಾಳಿನ ಗಂಟು ಬಿಚ್ಚಿದರೆ ಮಕ್ಕಳೆಲ್ಲ ಯಾವ ಕಾಳಿನ ಬಾಲ ಉದ್ದವೆಂದು ಜಗಳಾಡುತ್ತಿದ್ದರು. ಅವ್ವ ಹಿಟ್ಟು ನಾದುತ್ತಲೇ ಒಬ್ಬೊಬ್ಬರನ್ನೂ ಕೇಳುತ್ತಿದ್ದಳು. "ನಿನ್ನ ಹೊಟ್ಟಿನೋವು ಹೆಂಗೈತಿ?" "ನೀ ಯಾಕ ಮಾರಿ ಸಣ್ಣ ಮಾಡೀದಿ?" "ಹೊಲಕ್ಕ ಹೋದಾವರು ಇನ್ನಾ ಬಂದಿಲ್ಲೇನು?" ಎಲ್ಲರ ಸುದ್ದಿ ಕಿವಿಗೆ ಬಿದ್ದ ಮೇಲೆಯೇ ಅಂದಿನ ಅಡುಗೆ ಗೊತ್ತಾಗುತ್ತಿತ್ತು. ಜ್ವರ ಬಂದವನಿಗೆ ಮೆತ್ತನ್ನ ಅನ್ನ, ಮುನಿಸಿಕೊಂಡವಳಿಗೆ ಬೆಲ್ಲ ತುಪ್ಪ. ಆ ಹತ್ತು ನಿಮಿಷವನ್ನು ಈ ಗಣಿತಜ್ಞ ವ್ಯರ್ಥದ ಖಾತೆಗೆ ಹಾಕಿದ್ದ!

ಏಳೂವರೆಗೆ ಅಂಗಳದಲ್ಲಿ ಪಂಕ್ತಿ ಕೂತಿತು. ಎಡಮನೆಯವರು, ಬಲಮನೆಯವರು, ಎದುರುಮನೆಯ ಸುಭಾಸನ ಸಂಸಾರ, ಹೆಚ್ಚುಕಡಿಮೆ ಇಡೀ ಓಣಿ! ಮಾಸ್ತರರು ಪ್ರಾಯಶ್ಚಿತ್ತವೆಂಬಂತೆ ತಾವೇ ಬುಟ್ಟಿ ಹಿಡಿದು ಬಡಿಸಿದರು. ಸಿದ್ದಲಿಂಗವ್ವ ಒಬ್ಬೊಬ್ಬರ ತಾಟಿನ ಮುಂದೂ ನಿಂತು ಮೊಮ್ಮಕ್ಕಳ ಶಾಲೆ, ಸೊಸೆಯಂದಿರ ತವರು, ಎಮ್ಮೆಯ ಹಾಲು ಎಲ್ಲ ವಿಚಾರಿಸಿದರು.

ಎಲ್ಲರೂ ಎದ್ದ ಮೇಲೆ ಮಾಸ್ತರರು ತಾಟು ಹಿಡಿದು, ಆಗಷ್ಟೇ ಊಟಕ್ಕೆ ಕೂತಿದ್ದ ತಾಯಿಯ ಪಕ್ಕ ಕುಳಿತರು. ವಿಜಯಲಕ್ಷ್ಮಿ ಬೋಗುಣಿ ಬೋರಲು ಹಾಕಿ ತೋರಿಸಿದಳು. "ಕಾಳು ತೀರ್‍ಯಾವ್ರಿ."

ಐವತ್ತು ಬಟ್ಟಲು ನೆನೆಹಾಕಿದ ಮಹಾನುಭಾವರಿಗೆ ಒಂದು ಚಮಚೆಯೂ ಇಲ್ಲ!

ಸಿದ್ದಲಿಂಗವ್ವ ತಮ್ಮ ತಾಟಿನಲ್ಲಿದ್ದ ರೊಟ್ಟಿಯನ್ನು ಮುರಿದು, ಉಳಿದಿದ್ದ ಕಾಳನ್ನೆಲ್ಲ ಅದರ ಮೇಲೆ ಹೇರಿ ಮಗನ ತಾಟಿಗಿಟ್ಟರು. "ತಿನ್ನಪಾ. ಮೂರು ದಿನಾ ಒದ್ದಾಡೀದಿ. ಸುನಂದಾಗ ಫೋನ್ ಮಾಡಿ ಹೇಳು, ಮುಂದಿನ ತಿಂಗಳ ಬರ್ತೇನಿ ಅಂತ."

ಮಾಸ್ತರರು ತುತ್ತು ಬಾಯಿಗಿಟ್ಟುಕೊಂಡು ತಲೆ ತಗ್ಗಿಸಿದರು. ಪಲ್ಲವಿ ಬಗ್ಗಿ ನೋಡಿದಳು. "ಪಪ್ಪಾ, ಅಳಾಕತ್ತೀರೇನು?"

"ಏ, ಇಲ್ಲವಾ! ಚಟ್ನಿ ಭಾಳ ಖಾರ ಐತಿ."

"ಚಟ್ನಿ ನಾ ಇನ್ನಾ ನೀಡೇ ಇಲ್ರಿ!" ಎಂದಳು ವಿಜಯಲಕ್ಷ್ಮಿ.